ನೀರು ಇಳಿದ ಮೇಲೆ ಬನ್ನಿ

ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಲು ಜನ ಕಿಕ್ಕಿರಿದು ಬರುತ್ತಾರೆ. ತುಂಬಿ ಬಂದ ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವುದನ್ನು ತೂಗುಸೇತುವೆಯ ಮೇಲೆ ನಿಂತು ನೋಡುವುದೇ ಒಂದು ಸಂಭ್ರಮ. ದೀಪಾವಳಿ ಕಳೆದ ಮೇಲೆ ನೀರು ಸಣ್ಣಗಾಗುತ್ತದೆ, ಬಂಡೆ ಬರಿದಾಗುತ್ತದೆ. ‘ಈಗ ನೋಡಾಕ ಏನೈತಿ?’ ಅಂತಾರೆ ದೊಡ್ಡವರು. ಮಕ್ಕಳೇ, ನೀವು ಆಗಲೇ ಬನ್ನಿ. ಫಾಲ್ಸಿನಿಂದ ಸ್ವಲ್ಪ ಮೇಲಕ್ಕೆ, ಧೂಪದಾಳಕ್ಕೆ ಹೋಗೋಣ.

ಅಲ್ಲಿ ಬ್ರಿಟಿಷರ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡು ಇದೆ. ಕಟ್ಟಿದ್ದು ಹೊಲಗಳಿಗೆ ಕಾಲುವೆ ನೀರು ಹರಿಸಲು. ಆದರೆ ಒಡ್ಡಿನ ಹಿಂದೆ ಇನ್ನೇನೋ ನಡೆಯಿತು. ಓಡುವ ನೀರು ಮಣ್ಣನ್ನು ಹೊತ್ತೊಯ್ಯುತ್ತದೆ, ನಿಂತ ನೀರು ಅದನ್ನು ತಳಕ್ಕೆ ಬಿಡುತ್ತದೆ. ವರ್ಷವರ್ಷವೂ ಹೂಳು ಕೂಡಿದಂತೆ ಆಳ ಕಡಿಮೆಯಾಗುತ್ತದೆ. ಆಳವಿಲ್ಲದ ಕಡೆ ಬಿಸಿಲು ತಳ ಮುಟ್ಟಿ ನೀರಿನ ಗಿಡಗಳು ಬೆಳೆಯುತ್ತವೆ. ಆ ಗಿಡಗಳ ನಡುವೆ ಹುಳು, ಬಸವನಹುಳು, ಮೀನು. ಅವನ್ನು ಹುಡುಕಿಕೊಂಡು ಹಕ್ಕಿಗಳು. 1974ರಲ್ಲಿ ಸರ್ಕಾರ ಇಲ್ಲಿನ ಸುಮಾರು 30 ಚದರ ಕಿಲೋಮೀಟರ್ ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಿತು.

ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಮೊದಲು ಕಾಲು ನೋಡಿ. ಬೆಳ್ಳಕ್ಕಿ ದಂಡೆಯ ಹತ್ತಿರ ಕಾದು ನಿಲ್ಲುತ್ತದೆ. ಕಡ್ಡಿಯಂಥ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿ ಇನ್ನಷ್ಟು ಒಳಗೆ ನಡೆದು ಹುಳ ಹೆಕ್ಕುತ್ತದೆ. ನೀರುಕಾಗೆ ಮುಳುಗಿಯೇ ಮೀನು ಹಿಡಿಯುತ್ತದೆ. ಒಂದೇ ನೀರಿನಲ್ಲಿ ಇಷ್ಟು ಬಗೆಯ ಹಕ್ಕಿಗಳು ಹೊಟ್ಟೆ ಹೊರೆಯುವುದು ಹೀಗೆ. ಮೇಲೆ ಬಂದ ನೀರುಕಾಗೆ ರೆಕ್ಕೆ ಚಾಚಿ ಕೂತಿರುತ್ತದೆಯಲ್ಲ, ಏಕಿರಬಹುದು? ಅದರ ಗರಿಗಳಿಗೆ ನೀರು ಹಿಡಿಯುತ್ತದೆ. ನೆನೆದ ಗರಿಯಿಂದ ಮೈ ಭಾರವಾಗುವುದರಿಂದ ಮುಳುಗಲು ಸುಲಭ. ಮೀನು ಹಿಡಿದಾದ ಮೇಲೆ ಮಾತ್ರ ಗರಿಗಳನ್ನು ಬಿಸಿಲಿಗೆ ಒಣಗಿಸಿಕೊಳ್ಳಬೇಕು.

ಚಳಿಗಾಲದ ದೊಡ್ಡ ಅತಿಥಿ ಕರ್ಕರ ಕೊಕ್ಕರೆ. ಬೂದು ಮೈ, ಕಪ್ಪು ಕತ್ತು, ಕಣ್ಣಿನ ಹಿಂದೆ ಬಿಳಿ ಗರಿಗಳ ಜುಟ್ಟು. ಇವು ಮೊಟ್ಟೆಯಿಡುವುದು ಮಂಗೋಲಿಯಾ ಮತ್ತು ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ. ಚಳಿಗೆ ಹೆದರಿ ಬರುತ್ತವೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಿಜವಾದ ತೊಂದರೆ ಹಸಿವು: ಹಿಮ ಬಿದ್ದರೆ ಕಾಳು, ಹುಳು ಎಲ್ಲ ಅದರಡಿ ಸೇರುತ್ತವೆ. ಆದ್ದರಿಂದ ಅಪ್ಪ, ಅಮ್ಮ, ಮರಿ ಒಟ್ಟಾಗಿ ಹಿಮಾಲಯ ದಾಟಿ ಬರುತ್ತವೆ. ಹಗಲು ಹೊಲಗಳಲ್ಲಿ ಉದುರಿದ ಕಾಳು ಮೇಯ್ದು, ರಾತ್ರಿ ಆಳವಿಲ್ಲದ ನೀರಿನಲ್ಲಿ ನಿಂತೇ ಮಲಗುತ್ತವೆ. ನರಿ ನೀರಿಗೆ ಕಾಲಿಟ್ಟರೆ ಸಪ್ಪಳವಾಗುತ್ತದೆ, ನಿದ್ದೆಯಿಂದ ಎಚ್ಚರವಾಗಲು ಅಷ್ಟು ಸಾಕು.

ಬೆಳಿಗ್ಗೆ ಬೇಗ ಹೊರಡಿ. ಸೂರ್ಯ ನಿಮ್ಮ ಬೆನ್ನಿಗಿರಲಿ, ಆಗ ಹಕ್ಕಿಯ ಬಣ್ಣ ಚೆನ್ನಾಗಿ ಕಾಣುತ್ತದೆ. ಮಣ್ಣಿನ ಬಣ್ಣದ ಅಂಗಿ ಒಳ್ಳೆಯದು. ಚೀಲದಲ್ಲಿರುವ ಕರದಂಟು ನಿಮಗೇ ಇರಲಿ, ಹಕ್ಕಿಗೂ ಮಂಗಕ್ಕೂ ಬೇಡ. ಮೇಯುತ್ತಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ತಲೆ ಎತ್ತಿದರೆ ನೀವು ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ. ಮೆಲ್ಲಗೆ ಹಿಂದೆ ಸರಿಯಿರಿ. ಫೋಟೋಕ್ಕಾಗಿ ಅವನ್ನು ಎಬ್ಬಿಸುವವರನ್ನು ಕಂಡರೆ ನನಗೆ ಬಹಳ ಸಂಕಟವಾಗುತ್ತದೆ. ಮರಳಿ ಹೋಗುವ ಅಷ್ಟು ದೂರದ ಹಾರಾಟಕ್ಕೆ ಕೂಡಿಟ್ಟ ಕೊಬ್ಬು ಹಾಗೆ ಸುಮ್ಮನೆ ಕರಗಿಹೋಗುತ್ತದೆ.

ಒಂದು ನೋಟ್‌ಬುಕ್ಕು ಜೊತೆಗಿರಲಿ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದವರು 2007ರಲ್ಲಿ ‘ಮೈಗ್ರೆಂಟ್‌ವಾಚ್’ ಎಂಬ ಕೆಲಸ ಶುರುಮಾಡಿದಾಗ ಜನರಿಂದ ಕೇಳಿದ್ದು ಮುಖ್ಯವಾಗಿ ಇದನ್ನೇ: ವಲಸೆ ಹಕ್ಕಿ ನಿಮ್ಮೂರಲ್ಲಿ ಮೊದಲು ಕಂಡದ್ದು ಎಂದು, ಕೊನೆಗೆ ಕಂಡದ್ದು ಎಂದು? ಹಲವು ಊರುಗಳ, ಹಲವು ವರ್ಷಗಳ ತಾರೀಖು ಕೂಡಿಸಿದರೆ ಹಕ್ಕಿಗಳು ಬೇಗ ಬರುತ್ತಿವೆಯೋ ತಡವಾಗಿ ಬರುತ್ತಿವೆಯೋ ತಿಳಿಯುತ್ತದೆ. ನೀವೂ ತಾರೀಖು, ಹೊತ್ತು, ಜಾಗ, ಎಷ್ಟು ಹಕ್ಕಿ, ಏನು ಮಾಡುತ್ತಿದ್ದವು ಎಂದು ಬರೆಯಿರಿ. ಹೋದ ದಿನ ಒಂದೂ ಕಾಣದಿದ್ದರೆ ಅದನ್ನೂ ಬರೆಯಿರಿ. ಲೆಕ್ಕಕ್ಕೆ ಅದೂ ಬೇಕು.