17 ಮೀಟರಿನ ಮುಕ್ತಕಗಳು

ಈಗತಾನೆ ತೆರೆಯ ಮೇಲೆ ಮೂಡಿ ಮರೆಯಾದ ಚಿತ್ರವು 1895ನೆಯ ಇಸವಿಯಲ್ಲಿ, ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿ, ಛಾಯಾಚಿತ್ರದ ಫಲಕಗಳನ್ನು ತಯಾರಿಸುತ್ತಿದ್ದ ಲೂಮಿಯೇರ್ ಸಹೋದರರು ತಮ್ಮದೇ ಕಾರ್ಖಾನೆಯ ಹೆಬ್ಬಾಗಿಲಿಗೆ ಅಭಿಮುಖವಾಗಿ ಯಂತ್ರವನ್ನು ನಿಲ್ಲಿಸಿ ತೆಗೆದುದು. ನೀಳವಾದ ಲಂಗ ತೊಟ್ಟ ಸ್ತ್ರೀಯರೂ ಟೋಪಿಯಿಟ್ಟ ಪುರುಷರೂ ತಂಡತಂಡವಾಗಿ ಹೊರಬೀಳುತ್ತಾರೆ, ನಾಯಿಯೊಂದು ಕಾಲಿಗಡ್ಡವಾಗಿ ಸುಳಿಯುತ್ತದೆ, ಮುಗಿಯಿತು. ಸುಮಾರು 50 ಸೆಕೆಂಡು, ಅಷ್ಟೆ.

ಈ ಹ್ರಸ್ವತೆಗೆ ಕಾರಣ ಕಲ್ಪನೆಯ ದಾರಿದ್ರ್ಯವಲ್ಲ. ಅವರ ಸಿನಿಮಾಟೋಗ್ರಾಫ್ ಯಂತ್ರದಲ್ಲಿ ಹಿಡಿಯುತ್ತಿದ್ದುದೇ ಸುಮಾರು 17 ಮೀಟರು ಫಿಲ್ಮು; ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತ ಸೆಕೆಂಡಿಗೆ 16ರ ಆಸುಪಾಸಿನಲ್ಲಿ ಬಿಂಬಗಳನ್ನು ಗ್ರಹಿಸುತ್ತ ಹೋದರೆ ಒಂದು ನಿಮಿಷವೂ ತುಂಬದೆ ಸುರುಳಿ ಬರಿದಾಗುತ್ತಿತ್ತು. ಆದುದರಿಂದ, ಎಲ್ಲಿ ನಿಲ್ಲಬೇಕು, ಯಾವ ಕ್ಷಣದಲ್ಲಿ ಹಿಡಿಕೆಗೆ ಕೈಯಿಕ್ಕಬೇಕು ಎಂಬೆರಡನ್ನೂ ಮೊದಲೇ ನಿಶ್ಚಯಿಸಿಕೊಳ್ಳದವನಿಗೆ ಆ ಯಂತ್ರದಿಂದ ಏನೂ ದಕ್ಕುತ್ತಿರಲಿಲ್ಲ. ಈ ಚಿತ್ರಗಳನ್ನು ಮುಂದಣ ಮಹಾಚಿತ್ರಗಳ ತೊದಲುನುಡಿಯೆಂದು ಬಗೆಯುವವರುಂಟು. ನನಗಾದರೋ ಅವು ಒಂದೇ ಪದ್ಯದಲ್ಲಿ ತನ್ನರ್ಥವನ್ನೆಲ್ಲ ಮುಗಿಸುವ ಮುಕ್ತಕಗಳಂತೆ ತೋರುತ್ತವೆ. ಕಾರ್ಖಾನೆಯ ಚಿತ್ರವನ್ನೇ ನೋಡಿ: ಅದಕ್ಕೆ ಮೂರು ಪಾಠಗಳುಂಟು, ಒಂದರಲ್ಲಿ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಆಕಸ್ಮಿಕವೆಂದು ತೋರುವ ಈ ನೂಕುನುಗ್ಗಲನ್ನು ಮತ್ತೆಮತ್ತೆ ಚಿತ್ರಿಸಿದವರು ಕಣ್ಣಿಗೆ ಬಿದ್ದುದನ್ನು ಸುಮ್ಮನೆ ಹಿಡಿದವರಲ್ಲ.

ಆದರೂ, ರಚಿಸಿದವನ ಅಂಕೆಗೆ ಸಿಕ್ಕದುದೂ ಇವುಗಳಲ್ಲಿ ನುಸುಳಿಬಿಡುತ್ತದೆ. ಸೊಗಸು ಅಲ್ಲಿಯೇ ಇದೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯ ನೆಲಮಾಳಿಗೆಯಲ್ಲಿ, ತಲೆಗೊಂದು ಫ್ರಾಂಕು ತೆತ್ತು ಕುಳಿತವರಿಗೆ ತೋರಿಸಿದ ಹತ್ತು ಚಿತ್ರಗಳಲ್ಲೊಂದು, ಆಗಸ್ಟ್ ಲೂಮಿಯೇರರು ಪತ್ನಿಯೊಡನೆ ಕುಳಿತು ತಮ್ಮ ಶಿಶುವಿಗೆ ಉಣಿಸುವ ದೃಶ್ಯ. ಅಂದಿನ ಪ್ರೇಕ್ಷಕರು ಬೆರಗಾದುದು ಆ ಶಿಶುವಿಗಿಂತ ಅದರ ಹಿಂದೆ ಗಾಳಿಗೆ ಅಲುಗುತ್ತಿದ್ದ ಎಲೆಗಳನ್ನು ಕಂಡು! ನಾಟಕದ ಪರದೆಯ ಮೇಲಣ ಮರಗಳು ಎಂದಾದರೂ ಅಲುಗಿದ್ದುಂಟೇ? ಇನ್ನು, ರೈಲು ತೆರೆಯಿಂದ ಹೊರನುಗ್ಗುವುದೆಂದು ಹೆದರಿ ಜನ ಎದ್ದೋಡಿದರೆಂಬ ಕಥೆ ರಂಜನೀಯವೇನೋ ಸರಿ, ಆಧಾರವಿಲ್ಲದ್ದು. ಮೊದಲ ದಿನದ ಆ ಹತ್ತರಲ್ಲಿ ರೈಲಿನ ಚಿತ್ರವೇ ಇರಲಿಲ್ಲ.

ನಮ್ಮ ದೇಶಕ್ಕೆ ಈ ವಿಸ್ಮಯ ಬಂದು ಸೇರುವುದಕ್ಕೆ ಏಳು ತಿಂಗಳೂ ಹಿಡಿಯಲಿಲ್ಲ. 1896ರ ಜುಲೈ 7ರಂದು, ಆಸ್ಟ್ರೇಲಿಯದ ಹಾದಿಯಲ್ಲಿದ್ದ ಲೂಮಿಯೇರರ ಪ್ರತಿನಿಧಿ ಮಾರಿಯಸ್ ಸೆಸ್ತಿಯೆ ಎಂಬವನು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಆರು ಚಿತ್ರಗಳನ್ನು ತೋರಿಸಿದನು. ಕಾರ್ಖಾನೆಯ ಆ ಜನಸಂದಣಿಯೂ, ನಿಲ್ದಾಣಕ್ಕೆ ಬರುವ ರೈಲೂ, ಗೋಡೆಯೊಂದನ್ನು ಕೆಡಹುವ ನೋಟವೂ ಅವುಗಳೊಳಗೆ ಸೇರಿದ್ದವು. ಪ್ರವೇಶದರ ಒಂದು ರೂಪಾಯಿ; ಚಿತ್ರಗಳಷ್ಟನ್ನೇ ಲೆಕ್ಕ ಹಿಡಿದರೆ, ಆ ರೂಪಾಯಿಗೆ ದೊರೆತುದು ಐದು ನಿಮಿಷದ ಆಟ.