ನೋಡುವವರ ನಡುವೆ ನಂಬುಗೆಯ ಬಾಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಶಿವಯೋಗಿ ಸಿದ್ಧರಾಮನ ಸೊನ್ನಲಿಗೆಯಲ್ಲಿ ನಿಂತು ನಾವು ಇಂದು ಒಬ್ಬ ಕ್ರೈಸ್ತ ಉಪದೇಶಕರನ್ನು ನೆನೆಯಬಯಸುತ್ತೇವೆ. ಇದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಆ ಸಿದ್ಧರಾಮನ ನುಡಿಗಳನ್ನು ಅರಸಿ ಕೂಡಿಸಿ, 1955ರಲ್ಲಿ ‘ಸಿದ್ಧರಾಮ ಸಾಹಿತ್ಯ ಸಂಗ್ರಹ’ವೆಂಬ ಗ್ರಂಥವಾಗಿ ಕನ್ನಡಿಗರ ಕೈಗಿತ್ತವರು ಅವರೇ, ರೆವರೆಂಡ್ ಉತ್ತಂಗಿ ಚನ್ನಪ್ಪನವರು.

1881ರಲ್ಲಿ ಧಾರವಾಡದಲ್ಲಿ ಜನಿಸಿದ ಚನ್ನಪ್ಪನವರು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ದೇವಜ್ಞಾನ ಶಾಲೆಯಲ್ಲಿ ಓದಿ, ಉತ್ತರ ಕರ್ನಾಟಕದಲ್ಲಿ ಧರ್ಮೋಪದೇಶಕರಾಗಿ ದುಡಿದರು. ಉಪದೇಶಕನ ಬಾಳು ಬಯಲಾಟದ ಅಟ್ಟದ ಮೇಲಿನ ಬಾಳಿನಂತೆ. ಪೀಠದಲ್ಲಿ ನುಡಿದುದನ್ನು ಬೀದಿಯಲ್ಲಿ ನಡೆಯುವನೋ ಇಲ್ಲವೋ ಎಂದು ತನ್ನವರೂ ನೋಡುತ್ತಾರೆ, ಹೊರಗಿನವರೂ ನೋಡುತ್ತಾರೆ. ಇಷ್ಟು ಕಣ್ಣುಗಳ ಮುಂದೆ ನಂಬುಗೆಯು ವೇಷವಾಗದಂತೆ ಕಾಪಾಡಿಕೊಳ್ಳುವುದು ಹೇಗೆ?

ಯೇಸುಸ್ವಾಮಿಯ ಪರ್ವತ ಪ್ರಸಂಗದಲ್ಲಿ ಇದಕ್ಕೆ ಸಂಬಂಧಿಸಿದ ಎರಡು ಬೋಧೆಗಳಿವೆ. ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ ಎಂಬ ಅರ್ಥದ್ದು ಒಂದು. ಜನರು ನೋಡಲೆಂದು ದಾನವನ್ನಾಗಲಿ ಪ್ರಾರ್ಥನೆಯನ್ನಾಗಲಿ ಮಾಡಬಾರದೆಂಬುದು ಇನ್ನೊಂದು. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಒಳಹೊಕ್ಕು ವಿಚಾರಿಸಿದರೆ ವಿರೋಧವಿಲ್ಲ. ಜನರು ಕಾಣುವುದು ತಪ್ಪಲ್ಲ. ಅವರ ಮೆಚ್ಚುಗೆಗಾಗಿಯೇ ಮಾಡುವುದು ತಪ್ಪು. ದೀಪವು ತನ್ನನ್ನು ತೋರಿಸಿಕೊಳ್ಳಲು ಉರಿಯುವುದಿಲ್ಲ. ಮನೆಯವರಿಗೆ ದಾರಿ ಕಾಣಲೆಂದು ಉರಿಯುತ್ತದೆ.

ಈ ಪ್ರಶ್ನೆ ನಮ್ಮೂರಿಗೆ ಹೊಸದಲ್ಲ. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಬಂದು ‘ಒಡ್ಡ’ನೆಂದು ಕರೆದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಕೆರೆ ಕಟ್ಟಿಸಿದುದು ತಪ್ಪೆಂದು ಪ್ರಭುವಿನ ಅಭಿಪ್ರಾಯವಲ್ಲ. ‘ನಾನು ಕಟ್ಟಿಸಿದೆ’ನೆಂಬ ಅರಿಯದ ಹಮ್ಮನ್ನು ಆತನು ತೋರಿಸಿಕೊಟ್ಟನು. ಆ ಹಮ್ಮು ಅಳಿಯಿತು, ಕೆರೆ ಇಂದಿಗೂ ಉಳಿದಿದೆ.

ಚನ್ನಪ್ಪನವರ ಕಾರ್ಯವನ್ನು ಈ ದೃಷ್ಟಿಯಿಂದ ನೋಡೋಣ. ಅವರು ತಾಳೆಗರಿಗಳಲ್ಲಿಯೂ ಜನರ ಬಾಯಲ್ಲಿಯೂ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಕೂಡಿಸಿ, ಸುಮಾರು 2000 ವಚನಗಳನ್ನು 1924ರಲ್ಲಿ ಪ್ರಕಟಿಸಿದರು. ಡಂಭಾಚಾರವನ್ನು ಜರೆದ ಆ ಕವಿಯನ್ನು ಒಬ್ಬ ಧರ್ಮೋಪದೇಶಕರೇ ಪ್ರೀತಿಯಿಂದ ಎತ್ತಿಕೊಂಡುದು ಗಮನಾರ್ಹ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಅವರ ಇನ್ನೊಂದು ಗ್ರಂಥ. ಆಜ್ಞೆಯಲ್ಲ, ವಿನಂತಿ! ತಮ್ಮ ನಂಬುಗೆಯನ್ನು ಮುಚ್ಚಿಡಲಿಲ್ಲ, ಪರರದನ್ನು ಹಳಿಯಲೂ ಇಲ್ಲ. ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಸಂದೇಹಗಳೆದ್ದಾಗ ಅದನ್ನು ಸಮರ್ಥಿಸಿ ಬರೆದವರೂ ಅವರೇ. ‘ತಿರುಳ್ಗನ್ನಡ ತಿರುಕ’ನೆಂದು ತಮ್ಮನ್ನು ಕರೆದುಕೊಂಡರು. ಭಿಕ್ಷೆ ಬೇಡುವವನಿಗೆ ಮೆರೆಯುವ ಹಂಗೆಲ್ಲಿಯದು?

ಹೈದರಾಬಾದು ಸಂಸ್ಥಾನವು 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಮರುವರ್ಷವೇ, ನಮ್ಮ ನೆರೆಯ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಲನ ನೆರೆಯಿತು. ಕನ್ನಡಿಗರು ಅದರ ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿದುದು ಈ ಕ್ರೈಸ್ತ ವಿದ್ವಾಂಸರನ್ನು. 1962ರಲ್ಲಿ ಅವರು ತೀರಿಕೊಂಡರು.

ಬಂಧುಗಳೇ, ಗಡಿಯಲ್ಲಿರುವ ನಾವೂ ನೋಡುವವರ ನಡುವೆಯೇ ಇದ್ದೇವೆ. ಮರಾಠಿ ನೆರೆಯವರು ನಮ್ಮನ್ನು ನೋಡುತ್ತಾರೆ. ಅದಕ್ಕಿಂತ ಹೆಚ್ಚಾಗಿ ನಮ್ಮ ಮಕ್ಕಳು ನೋಡುತ್ತಾರೆ. ಉತ್ಸವದ ದಿನ ಜಯಘೋಷ ಮಾಡಿ, ಮರುದಿನ ಕನ್ನಡ ಶಾಲೆಯನ್ನು ಮರೆತರೆ ಅದು ಬರಿಯ ವೇಷ. ಮನೆಯಲ್ಲಿ ದಿನಕ್ಕೊಂದು ಪುಟ ಕನ್ನಡ ಓದಿಸಿದರೆ ಯಾರೂ ಚಪ್ಪಾಳೆ ತಟ್ಟರು. ಆದರೂ ನುಡಿ ಬದುಕುವುದು ಅದರಿಂದಲೇ. ನಮ್ಮ ನುಡಿಯನ್ನು ಪ್ರೀತಿಸುತ್ತ ನೆರೆಯವರ ನುಡಿಯನ್ನೂ ಗೌರವಿಸೋಣ. ಸಂಕ್ರಾಂತಿಯ ನಂದಿಧ್ವಜಗಳ ಹಿಂದೆ ಎರಡು ನುಡಿಯವರೂ ನಡೆಯುವ ಊರು ನಮ್ಮದು.