ಹುಳಿಮಾವಿನಿಂದ ಲಡಾಖಿಗೆ

ಹುಳಿಮಾವಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಕಾಡು ಎಂದರೆ ದಕ್ಷಿಣ ದಿಕ್ಕು. ಬನ್ನೇರುಘಟ್ಟದ ರಸ್ತೆ ಹಿಡಿದು ಸ್ವಲ್ಪ ದೂರ ಹೋದರೆ ಸಾಕು, ಆನೆಗಳಿರುವ ಅಡವಿ. 1974ರಲ್ಲಿಯೇ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದರು. ಕಾಡು ಇಷ್ಟು ಹತ್ತಿರವಿರುವಾಗ ಅದಕ್ಕೆ ಬೆನ್ನು ತಿರುಗಿಸಿ, ಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾಗಿ ಉತ್ತರಕ್ಕೆ ಕಾರಿನಲ್ಲಿ ಹೋಗಿ, ಮರವೇ ಇಲ್ಲದ ನಾಡನ್ನು ನೋಡಿ ಬರುವುದು ಯಾವ ಜಾಣತನ ಎಂದು ನೆರೆಮನೆಯ ಹಿರಿಯರೊಬ್ಬರು ಕೇಳಿದರು. ಅವರ ಪ್ರಶ್ನೆಗೆ ಆಗ ಉತ್ತರ ಹೇಳಲಿಲ್ಲ. ಈಗಲೂ ಪೂರ್ತಿ ಉತ್ತರ ಹೇಳುತ್ತೇನೆಂಬ ಭರವಸೆಯಿಲ್ಲ. ಆದರೆ ಆ ದಾರಿಯ ಗುಣವೇನು, ಅದು ಮನುಷ್ಯನಿಂದ ಏನನ್ನು ಕೇಳುತ್ತದೆ ಎಂಬುದನ್ನು ಹೇಳಬಲ್ಲೆ.

ಹೊರಟವರು ನಾಲ್ವರು: ನಾನು, ನನ್ನಾಕೆ, ಆಕೆಯ ತಮ್ಮ, ಮತ್ತು ನನ್ನ ಅಕ್ಕನ ಮಗಳು. ಕಾರು ಅಕ್ಕನ ಮಗಳದು; ಮುಕ್ಕಾಲು ಪಾಲು ದಾರಿ ನಡೆಸಿದವಳೂ ಅವಳೇ. ನನ್ನ ಭಾವಮೈದುನ ದಿನವೂ ಬೆಳಗ್ಗೆ ಹುಳಿಮಾವು ಕೆರೆಯ ಸುತ್ತ ಬಿರುಸಾಗಿ ನಡೆಯುವ ಮನುಷ್ಯ. ನಮ್ಮ ನಾಲ್ವರಲ್ಲಿ ಗಟ್ಟಿಮುಟ್ಟಾದವನು ಅವನೇ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೇಳುಗರನ್ನು ಕೋರುತ್ತೇನೆ.

ದೆಹಲಿಯವರೆಗಿನ ದಾರಿಯನ್ನು ಬೇಗ ಮುಗಿಸುತ್ತೇನೆ. ಹುಳಿಮಾವಿನಿಂದ ಹೆಬ್ಬಾಳಕ್ಕೆ ಹೋಗಿ ಮುಟ್ಟುವುದೇ ಅದರಲ್ಲಿ ಕಠಿನವಾದ ಭಾಗ ಎಂದರೆ ಬೆಂಗಳೂರಿನವರು ಯಾರೂ ಅದನ್ನು ತಮಾಷೆಯೆಂದು ತಿಳಿಯಲಾರರು. ಬೆಳಗಿನ ಜಾವ ನಾಲ್ಕಕ್ಕೇ ಹೊರಟು ಪಾರಾದೆವು. ಅಲ್ಲಿಂದ ಮುಂದೆ ರಸ್ತೆ ಒಂದೇ: ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿ. ಕರ್ನೂಲಿನಲ್ಲಿ ತುಂಗಭದ್ರೆ, ಅದರಾಚೆ ಕೃಷ್ಣೆ, ನಿರ್ಮಲದ ಹತ್ತಿರ ಗೋದಾವರಿ, ಮಧ್ಯಪ್ರದೇಶದಲ್ಲಿ ನರ್ಮದೆ, ಧೋಲ್‌ಪುರದ ಬಳಿ ಚಂಬಲ್, ಆಗ್ರಾದಲ್ಲಿ ಯಮುನೆ. ನಮ್ಮ ಮನೆಯಲ್ಲಿ ಸ್ನಾನದ ಹೊತ್ತಿಗೆ ಏಳು ನದಿಗಳನ್ನು ನೆನೆಯುವ ಪದ್ಧತಿ ಹಿರಿಯರಿಂದ ಬಂದದ್ದು. ಆ ಏಳರಲ್ಲಿ ಕಾವೇರಿ ಮನೆಯ ನಲ್ಲಿಯಲ್ಲೇ ಬರುತ್ತಾಳೆ. ಗೋದಾವರಿ, ನರ್ಮದೆ, ಯಮುನೆಯರನ್ನು ನಾಲ್ಕು ದಿನಗಳಲ್ಲಿ ದಾಟಿದೆವು. ಸಿಂಧು ಮುಂದೆ ಇದ್ದಳು. ನಾಗಪುರದಿಂದ ಉತ್ತರಕ್ಕೆ ಪೆಂಚ್ ಕಾಡಿನ ನಡುವೆ ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿ, ಪ್ರಾಣಿಗಳು ಅಡಿಯಲ್ಲಿ ದಾಟಿಹೋಗುವಂತೆ ಮಾಡಿದ್ದಾರೆ. ಅಡಿಯಲ್ಲಿ ಹುಲಿಗಳೂ ಹಾದುಹೋದದ್ದು ಕ್ಯಾಮರಾಗಳಲ್ಲಿ ದಾಖಲಾಗಿದೆ. ಮೇಲೆ ಹೋಗುವವರಿಗೆ ಮಾತ್ರ ಏನೂ ಕಾಣುವುದಿಲ್ಲ, ಹಾಗಿರುವುದೇ ಸರಿ.

ದೆಹಲಿ, ಚಂಡೀಗಢ, ಬಿಯಾಸ್ ನದಿಯ ಕಣಿವೆ, ಮನಾಲಿ. ಅಲ್ಲಿಂದ ಲೇಹ್ ಪಟ್ಟಣಕ್ಕೆ ಇನ್ನು ನಾನೂರಕ್ಕೂ ಹೆಚ್ಚು ಕಿಲೋಮೀಟರು. ಮೊದಲು ಈ ದಾರಿ 3,978 ಮೀಟರು ಎತ್ತರದ ರೋಹ್ತಾಂಗ್ ಘಾಟಿಯನ್ನು ಹತ್ತಿ ಇಳಿಯಬೇಕಾಗಿತ್ತು. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ತೆರೆದ ಮೇಲೆ ಬೆಟ್ಟದ ಅಡಿಯಲ್ಲೇ ಒಂಬತ್ತು ಕಿಲೋಮೀಟರು ಹೋಗಿ ಆಚೆಗೆ ಬರಬಹುದು. ಈ ಕಡೆ ದೇವದಾರು ಮರಗಳು, ಮಳೆ, ಮೋಡ. ಹತ್ತು ನಿಮಿಷ ದೀಪದ ಬೆಳಕು. ಆ ಕಡೆ ಒಣ ಬೆಟ್ಟ, ಕಣ್ಣು ಕುಕ್ಕುವ ಬಿಸಿಲು. ನಾಟಕದಲ್ಲಿ ಪರದೆ ಬದಲಾಯಿಸಿದಂತೆ. ಅದು ಲಾಹುಲ್ ಸೀಮೆ. ತಾಂಡಿ ಎಂಬಲ್ಲಿ ಚಂದ್ರಾ, ಭಾಗಾ ಎಂಬ ಎರಡು ಹೊಳೆಗಳು ಸೇರಿ ಚಂದ್ರಭಾಗಾ, ಅಂದರೆ ಚೆನಾಬ್ ನದಿಯಾಗುತ್ತದೆ. ಅಲ್ಲಿನ ಪೆಟ್ರೋಲ್ ಬಂಕಿನಲ್ಲಿ ಬಹುಕಾಲದಿಂದ ಹೆಸರಾದ ಒಂದು ಫಲಕ: ಮುಂದಿನ ಬಂಕು 365 ಕಿಲೋಮೀಟರು. ವರ್ಷದ ದಿನಗಳಷ್ಟು! ನಾವು ಟ್ಯಾಂಕು ತುಂಬಿಸಿ, ಕೇಲಾಂಗ್ ದಾಟಿ, ಜಿಸ್ಪಾ ಎಂಬ ಹಳ್ಳಿಯಲ್ಲಿ ಮೂರು ರಾತ್ರಿ ತಂಗಿದೆವು. ನೋಡುವುದಕ್ಕೇನೂ ಇತ್ತೆಂದಲ್ಲ. 3,200 ಮೀಟರಿನ ಆ ಎತ್ತರಕ್ಕೆ ಮೈ ಹೊಂದಿಕೊಳ್ಳಲಿ ಎಂದು.

ಮೈ ಹೊಂದಿಕೊಳ್ಳುವುದೆಂದರೇನು? ಬೆಂಗಳೂರು ಇರುವುದು ಸುಮಾರು 900 ಮೀಟರು ಎತ್ತರದಲ್ಲಿ. ಮೇಲೆ ಹೋದಂತೆಲ್ಲ ಗಾಳಿಯ ಒತ್ತಡ ಇಳಿಯುತ್ತದೆ. ಐದು ಸಾವಿರ ಮೀಟರು ದಾಟಿದರೆ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕೆ ಹತ್ತಿರ. ಒಂದು ಉಸಿರಿಗೆ ಸಿಕ್ಕುವ ಆಮ್ಲಜನಕವೂ ಅಷ್ಟೇ ಕಡಿಮೆ. ಮೈ ಇದಕ್ಕೆ ಒಗ್ಗುತ್ತದೆ, ಆದರೆ ತನ್ನದೇ ವೇಗದಲ್ಲಿ ಒಗ್ಗುತ್ತದೆ. ಆದ್ದರಿಂದ ಈ ದಾರಿ ಬಲ್ಲವರು ಹಗಲು ಎಷ್ಟು ಎತ್ತರಕ್ಕೆ ಹೋದರು ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತಾರೆಂಬುದನ್ನು ಹೆಚ್ಚು ನೋಡುತ್ತಾರೆ. ನಮ್ಮ ಲೆಕ್ಕವೂ ಹಾಗೆಯೇ ಇತ್ತು. ಜಿಸ್ಪಾದಿಂದ ಬೆಳಕು ಹರಿಯುವ ಮೊದಲೇ ಹೊರಟು, ನಡುವಣ ನಾಲ್ಕು ಘಾಟಿಗಳನ್ನೂ ಒಂದೇ ಹಗಲಿನಲ್ಲಿ ದಾಟಿ, 3,500 ಮೀಟರಿನ ಲೇಹ್‌ನಲ್ಲಿ ಮಲಗುವುದು.

ಜೂನ್ ತಿಂಗಳ ಕೊನೆಯ ವಾರ. ಬಾರಾಲಾಚಾ ಲಾ ದಾಟಿದೆವು. ‘ಲಾ’ ಎಂದರೆ ಆ ಕಡೆಯ ಮಾತಿನಲ್ಲಿ ಬೆಟ್ಟ ದಾಟುವ ಘಾಟಿ. ಇದರ ಎತ್ತರ ಸುಮಾರು 4,900 ಮೀಟರು. ರಸ್ತೆಯ ಎರಡು ಪಕ್ಕಕ್ಕೂ ಕಾರಿಗಿಂತ ಎತ್ತರವಾದ ಹಿಮದ ಗೋಡೆ. ಇಳಿದು ಸರ್ಚು ಎಂಬ ಬಯಲಿಗೆ ಬಂದಾಗ ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು. ಮುಂದೆ ಒಂದು ನಾಲೆ ರಸ್ತೆಯನ್ನು ಕಡಿದುಕೊಂಡು ಹೋಗಿತ್ತು. ಆ ದಾರಿಯ ಹಳ್ಳಗಳಿಗೆ ಬ್ರಾಂಡಿ ನಾಲಾ, ವಿಸ್ಕಿ ನಾಲಾ ಎಂದು ಹೆಸರುಂಟು. ಇಟ್ಟವರು ಯಾರೋ, ಚಳಿ ಬಲ್ಲವರೇ ಇರಬೇಕು. ಬೆಳಗ್ಗೆ ಇವು ಮೊಣಕಾಲುದ್ದದ ನೀರು. ಮಧ್ಯಾಹ್ನ ಬಿಸಿಲಿಗೆ ಮೇಲಿನ ಹಿಮ ಕರಗಿ ಬಂದಾಗ ಲಾರಿಯನ್ನೂ ಲೆಕ್ಕಿಸುವುದಿಲ್ಲ. ನಾಳೆಯವರೆಗೆ ದಾರಿಯಿಲ್ಲ ಎಂದರು. ಹಿಂದಕ್ಕೆ ಹೋಗೋಣವೆಂದರೆ ಬಾರಾಲಾಚಾದ ಈಚೆಯ ಹಳ್ಳಗಳೂ ಆಗಲೇ ತುಂಬಿದ್ದವು. ಅಂತೂ ಸರ್ಚುವಿನ ಡೇರೆಯಲ್ಲಿ ರಾತ್ರಿ.

ಸರ್ಚು 4,300 ಮೀಟರಿಗೆ ಒಂದಿಷ್ಟು ಕಡಿಮೆ. ಆದರೆ ಅದರ ತೊಂದರೆ ಎತ್ತರವೊಂದೇ ಅಲ್ಲ. ಎತ್ತರದಲ್ಲಿ ಕಾಯಿಲೆಯಾದವರಿಗೆ ಮುಖ್ಯವಾದ ಮದ್ದು ಕೆಳಗಿಳಿಯುವುದು. ಸರ್ಚುವೋ ಬಾಣಲೆಯ ತಳದಂತಿದೆ: ದಕ್ಷಿಣಕ್ಕೆ ಬಾರಾಲಾಚಾ, ಉತ್ತರಕ್ಕೆ ಗಾಟಾದ ಇಪ್ಪತ್ತೊಂದು ತಿರುವುಗಳನ್ನು ಹತ್ತಿದ ಮೇಲೆ ನಕೀ ಲಾ, ಅದರಾಚೆ ಇನ್ನೂ ಎತ್ತರದ ಲಾಚುಲುಂಗ್ ಲಾ. ಯಾವ ಕಡೆಗೆ ಇಳಿಯಬೇಕಾದರೂ ಮೊದಲು ಹತ್ತಬೇಕು.

ಡೇರೆಯವರು ಅನ್ನ, ಬೇಳೆ ಕೊಟ್ಟರು, ಕುಕ್ಕರಿನಲ್ಲಿ ಮಾಡಿದ್ದು. ಅಷ್ಟು ಮೇಲೆ ನೀರು 86 ಡಿಗ್ರಿಯ ಸುಮಾರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲ. ನನ್ನಾಕೆ ಚಟ್ನಿಪುಡಿಯ ಡಬ್ಬಿ ತೆಗೆದಳು. ಭಾವಮೈದುನ ತಟ್ಟೆ ಮುಟ್ಟಲಿಲ್ಲ, ತಲೆನೋವು ಎಂದ. ತಲೆನೋವು ನಮಗೆಲ್ಲರಿಗೂ ಇತ್ತು. ಹತ್ತು ಗಂಟೆಗೆ ವಾಂತಿಯಾಯಿತು. ಡೇರೆಯ ಯಜಮಾನ, ಲಾಹುಲಿನವನು, ಆಮ್ಲಜನಕದ ಸಿಲಿಂಡರ್ ತಂದು ಹಾಕಿದ, ಸ್ವಲ್ಪ ಹಾಯೆನಿಸಿತು. “ಭಾವ, ಬೆಳಗಾದರೆ ಸರಿಹೋಗುತ್ತೆ, ನೀವು ಮಲಗಿ” ಎಂದ. ಮೂರು ಗಂಟೆಗೆ ಬಹಿರ್ದೆಸೆಗೆಂದು ಎದ್ದವನು ಡೇರೆಯ ಹಗ್ಗ ಹಿಡಿದುಕೊಂಡು ನಿಂತುಬಿಟ್ಟ. ಅಕ್ಕನ ಮಗಳು ಟಾರ್ಚ್ ಬಿಟ್ಟು, “ಮಾವ, ಒಂದು ಕಾಲಿನ ಮುಂದೆ ಒಂದು ಕಾಲಿಟ್ಟು ಗೆರೆ ಮೇಲೆ ನಡೆದ ಹಾಗೆ ನಡೀರಿ” ಎಂದಳು. ಎರಡು ಹೆಜ್ಜೆಗೆ ಓಲಿದ. ಕೆರೆಯ ಸುತ್ತ ನಮ್ಮನ್ನೆಲ್ಲ ಹಿಂದೆ ಬಿಟ್ಟು ನಡೆಯುತ್ತಿದ್ದವನು.

ಹೆಜ್ಜೆ ತಪ್ಪುವುದೆಂದರೆ ಮಿದುಳು ಊದಿಕೊಳ್ಳುತ್ತಿದೆ ಎಂಬುದರ ಗುರುತು. ಅದಾದ ಮೇಲೆ ಬೆಳಗಿನವರೆಗೆ ಕಾಯುವ ಮಾತಿಲ್ಲ. ಆದರೂ ಡೇರೆಯಲ್ಲಿ ಮಾತು ಬೆಳೆಯಿತು. ಕತ್ತಲಲ್ಲಿ ಬಾರಾಲಾಚಾ ಹತ್ತುವುದೇ? ಇನ್ನೂ ಆರುನೂರು ಮೀಟರು ಮೇಲೆ ಇವನನ್ನು ಒಯ್ಯುವುದೇ? ಅವನೇ ಬೇಡವೆಂದ. ನನ್ನಾಕೆ ತಮ್ಮನ ಕೈ ಹಿಡಿದುಕೊಂಡು ಕುಳಿತಿದ್ದಳು, ಏನೂ ಹೇಳಲಿಲ್ಲ. “ಮಾಮ, ಹಳ್ಳದಲ್ಲಿ ನೀರು ಕಡಿಮೆ ಇರೋದು ಈಗಲೇ. ಹತ್ತೋದು ಒಂದೂವರೆ ಗಂಟೆ, ಅಲ್ಲಿಂದ ಎಲ್ಲಾ ಇಳಿತಾನೇ” ಎಂದಳು ಹುಡುಗಿ. ಯಜಮಾನ ಸಿಲಿಂಡರನ್ನು ತಾನೇ ಕಾರಿನೊಳಗಿಟ್ಟ. ಮುಂಗಡ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಮರಳಿ ಬರುವಾಗ ತನ್ನಿ ಎಂದ.

ಮೂರೂವರೆಗೆ ಹೊರಟೆವು. ಹಳ್ಳಗಳಲ್ಲಿ ನೀರಿಗಿಂತ ಮಂಜುಗಡ್ಡೆಯೇ ಹೆಚ್ಚಾಗಿತ್ತು. ಚಕ್ರದ ಅಡಿಯಲ್ಲಿ ಗಾಜು ಒಡೆದಂತೆ ಸದ್ದು. ಘಾಟಿಯ ನೆತ್ತಿಯಲ್ಲಿ ಅವನು ತನ್ನ ಅಕ್ಕನ ಮಾತಿಗೆ ಉತ್ತರ ಕೊಡಲಿಲ್ಲ. ನನ್ನ ಆಯುಸ್ಸಿನಲ್ಲಿ ಅಷ್ಟು ಉದ್ದವಾದ ಹತ್ತು ನಿಮಿಷ ಇನ್ನೊಂದಿಲ್ಲ. ಇಳಿಯುತ್ತ ಇಳಿಯುತ್ತ, ದಾರ್ಚಾದ ಹತ್ತಿರ ಬೆಳಕಾದಾಗ, “ಅಕ್ಕ, ನೀರು” ಎಂದ. ಎಂಟೂವರೆಗೆ ಕೇಲಾಂಗಿನ ಆಸ್ಪತ್ರೆ. ಅಲ್ಲಿಯ ತರುಣ ವೈದ್ಯರು ಮೊದಲು ಮಾಡಿದ ಕೆಲಸ ಅದೇ ಗೆರೆಯ ಮೇಲೆ ನಡೆಸಿ ನೋಡಿದ್ದು. ಮೂರನೆಯ ದಿನ ಅವನು ನೆಟ್ಟಗೆ ನಡೆದ.

ಈ ಕಾಯಿಲೆಯ ವಿಷಯದಲ್ಲಿ ಜಗತ್ತಿಗೆ ತಿಳಿದಿರುವುದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಅದಕ್ಕೆ ಕಾರಣ ಸಂತೋಷದ್ದಲ್ಲ. 1962ರ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಯೋಧರನ್ನು ಏಕಾಏಕಿ ಹಿಮಾಲಯದ ನೆತ್ತಿಗೆ ಕಳುಹಿಸಬೇಕಾಯಿತು. ಸೇನೆಯ ವೈದ್ಯ ಇಂದರ್ ಸಿಂಗ್ ಅವರೂ ಜೊತೆಗಾರರೂ 1,925 ಮಂದಿ ಯೋಧರಲ್ಲಿ ಈ ಬೇನೆಯನ್ನು ಗಮನಿಸಿ 1969ರಲ್ಲಿ ಬರೆದ ಲೇಖನವನ್ನು ವೈದ್ಯರು ಇಂದಿಗೂ ಎತ್ತಿ ಹೇಳುತ್ತಾರೆ. ದೇಹದಾರ್ಢ್ಯ ಇದಕ್ಕೆ ರಕ್ಷೆಯಲ್ಲ. ಗಟ್ಟಿಗನು ಬೇಗ ಹತ್ತುತ್ತಾನೆ, ನೋವನ್ನು ನುಂಗುತ್ತಾನೆ. ಹಾಗಾಗಿ ಅವನ ವಿಷಯದಲ್ಲೇ ಹೆಚ್ಚು ಎಚ್ಚರ ಬೇಕು.

ಭಾವಮೈದುನನೂ ನನ್ನಾಕೆಯೂ ಮನಾಲಿಗೆ ಇಳಿದರು. ನಾವಿಬ್ಬರು ಸಿಲಿಂಡರ್ ಹಿಂದಿರುಗಿಸುವ ನೆವದಿಂದ ಮತ್ತೆ ಹೊರಟೆವು. ನೆವ ಎಂದೆ, ನಿಜಕ್ಕೂ ಆ ಯಜಮಾನನಿಗೆ ಆ ರಾತ್ರಿ ಇನ್ನಾರಿಗೋ ಅದು ಬೇಕಾಗಬಹುದಾಗಿತ್ತು. ಕಡಿದುಹೋಗಿದ್ದ ಜಾಗಕ್ಕೆ ಬಂದಾಗ ಅಲ್ಲಿ ರಸ್ತೆ ಇತ್ತು. ಕಲ್ಲು ಪೇರಿಸಿ ತಂತಿಬಲೆ ಬಿಗಿದು ಮಾಡಿದ ಹೊಸ ರಸ್ತೆ. ಅಂಚಿನಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡ ಮೂವತ್ತು ನಲವತ್ತು ಜನ ಸಲಿಕೆ ಹಿಡಿದು ನಿಂತಿದ್ದರು.

ಇವರ ವಿಷಯ ಹೇಳದೆ ಮುಂದೆ ಹೋಗಲಾರೆ. 1960ರಲ್ಲಿ ಹುಟ್ಟಿದ ಗಡಿ ರಸ್ತೆಗಳ ಸಂಸ್ಥೆ ಈ ದಾರಿಯನ್ನು ನೋಡಿಕೊಳ್ಳುತ್ತದೆ. ತಿರುವುಗಳಲ್ಲಿ ಅದು ಬರೆಸಿರುವ ಪ್ರಾಸದ ಎಚ್ಚರಿಕೆಗಳನ್ನು ಪ್ರವಾಸಿಗಳೆಲ್ಲ ಚಿತ್ರ ತೆಗೆದುಕೊಳ್ಳುತ್ತಾರೆ. ಸಲಿಕೆ ಹಿಡಿದವರ ಚಿತ್ರ ತೆಗೆಯುವವರು ಕಡಿಮೆ. ಇವರಲ್ಲಿ ಬಹುಮಂದಿ ಜಾರ್ಖಂಡಿನ ದುಮ್ಕಾ ಸೀಮೆಯವರು, ಸಂತಾಲರು. ಬಿಸಿ ನೆಲದ ಜನ. 2020ರ ಮೇ ತಿಂಗಳಲ್ಲಿ, ಕೊರೋನಾ ಕಾಲದಲ್ಲಿ, ಲಡಾಖಿನಲ್ಲಿ ಸಿಕ್ಕಿಬಿದ್ದಿದ್ದ ಅರವತ್ತು ಮಂದಿಯನ್ನು ವಿಮಾನದಲ್ಲಿ ರಾಂಚಿಗೆ ಕರೆತಂದರು. ಮರುತಿಂಗಳೇ ದುಮ್ಕಾದಿಂದ ಒಂದೂವರೆ ಸಾವಿರಕ್ಕೂ ಹೆಚ್ಚು ಜನರನ್ನು ತುಂಬಿಕೊಂಡ ರೈಲು ಮತ್ತೆ ಲಡಾಖಿನ ರಸ್ತೆ ಕೆಲಸಕ್ಕೆ ಹೊರಟಿತು. ನಮಗೆ ಒಂದು ರಾತ್ರಿ ತಡೆಯಲಾಗದ ಎತ್ತರದಲ್ಲಿ ಇವರು ಇಡೀ ಬೇಸಗೆ ಮಲಗುತ್ತಾರೆ, ಡಾಂಬರಿನ ಹೊಗೆ ಕುಡಿದುಕೊಂಡು. ಅವರ ಡೇರೆಗಳ ಹತ್ತಿರ ನನಗೆ ಆಮ್ಲಜನಕದ ಸಿಲಿಂಡರ್ ಕಾಣಲಿಲ್ಲ. ಒಳಗೆಲ್ಲೋ ಇದ್ದೀತು ಎಂದುಕೊಳ್ಳುವುದು ಸುಲಭ. ನಾನು ಇಳಿದು ಮುಂದಾಳನ್ನು ಕೇಳಿದೆ. ಕೆಳಗಿನ ಕ್ಯಾಂಪಿನಲ್ಲಿದೆ ಎಂದ. ಕೆಳಗಿನ ಕ್ಯಾಂಪು ಎಲ್ಲಿ ಎಂದರೆ ಬಾರಾಲಾಚಾದ ಕಡೆ ಕೈ ತೋರಿಸಿದ.

ಪಾಂಗ್ ಆದ ಮೇಲೆ ಮೋರೆ ಬಯಲು: ನಲವತ್ತು ಕಿಲೋಮೀಟರು ಚಪ್ಪಟೆ ನೆಲ, ದೂರದಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡು, ಅಷ್ಟೇ. ನೆರೆಯ ಹಿರಿಯರ ಪ್ರಶ್ನೆಗೆ ನನ್ನಲ್ಲಿ ಉತ್ತರವಿದ್ದರೆ ಅದು ಈ ಬಯಲು. ಆದರೆ ಮಾತಿನಲ್ಲಿ ಹಿಡಿದು ತರುವಂಥದಲ್ಲ. ಆಮೇಲೆ 5,300 ಮೀಟರಿನ ತಾಂಗ್‌ಲಾಂಗ್ ಲಾ. ಐದು ನಿಮಿಷವೂ ನಿಲ್ಲದೆ ಇಳಿದೆವು. ಉಪ್ಶಿಯಲ್ಲಿ ಸಿಂಧು ಸಿಕ್ಕಳು. ಬೂದು ಬಣ್ಣದ ಚುರುಕು ನೀರು. ಅಲ್ಲಿಂದ ಮನಾಲಿಗೆ ಫೋನ್ ಮಾಡಿದಾಗ ಭಾವಮೈದುನ, “ಭಾವ, ಒಂದು ಬಾಟಲಿ ತನ್ನಿ” ಎಂದ.

ಲೇಹ್‌ಗೆ ಸಮೀಪದ ಠಿಕ್ಸೆಯ ಬೌದ್ಧವಿಹಾರದ ಮೆಟ್ಟಿಲಲ್ಲಿ ಕುಳಿತು ನಾವು ಮಾತಾಡಿಕೊಳ್ಳುತ್ತಿದ್ದಾಗ ಹಿಂದಿನಿಂದ ಒಬ್ಬ ಮುದಿ ಲಾಮಾ, “ಊಟ ಆಯ್ತಾ?” ಎಂದರು. ಲಡಾಖಿನ ಭಿಕ್ಷುಗಳು ಶಾಸ್ತ್ರ ಓದಲು ನಮ್ಮ ಬೈಲಕುಪ್ಪೆಗೂ ಮುಂಡಗೋಡಿಗೂ ಬರುತ್ತಾರೆಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಇವರು ಹನ್ನೆರಡು ವರ್ಷ ಮುಂಡಗೋಡಿನಲ್ಲಿದ್ದವರು. ಕನ್ನಡ ಕಲಿತದ್ದು ಸಂತೆಯಲ್ಲಿ. ಹುರಿದ ಜವೆಯ ಹಿಟ್ಟನ್ನು ಚಹಾದಲ್ಲಿ ಕಲಸಿ ಕೊಟ್ಟರು. ನಮ್ಮ ಹುರಿಹಿಟ್ಟಿನ ಹತ್ತಿರದ ನೆಂಟ, ಉಪ್ಪು ಬೆಣ್ಣೆ ಹಾಕಿದ್ದು ಮಾತ್ರ ಬೇರೆ. ನಾವು ಬಂದ ದಾರಿಯನ್ನೂ ಘಾಟಿಗಳನ್ನೂ ಅವರು ಕೇಳಲಿಲ್ಲ. ಕೇಳಿದ್ದು, ಮುಂಡಗೋಡಿನ ಕಡೆ ಮಳೆ ಹಿಡಿಯಿತೇ ಎಂದು. ಹುಡುಗಿ ಫೋನಿನಲ್ಲಿ ನೋಡಿ, ಹಿಡಿದಿದೆ ಎಂದಳು.